ಹೆಸರಿನ ಖಾಸಗಿ ವಿಶ್ವವಿದ್ಯಾಲಯವೋ, ಕಡಿಮೆ ಖರ್ಚಿನ ಸರಕಾರಿ ಕಾಲೇಜೋ?



ಕಳೆದ ಹಂಗಾಮಿನಲ್ಲಿ ಕಲ್ಲೋಳಿಯ ಕಡೆಯ ರೈತರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ನಾಲ್ಕು ಎಕರೆ ಕಾಲುವೆಯ ನೀರಿನ ಹೊಲ, ಅದರಲ್ಲಿ ಮೂರು ಎಕರೆ ಕಬ್ಬು, ಉಳಿದುದರಲ್ಲಿ ಗೋವಿನಜೋಳ. ಬಂದವರು ಗೊಬ್ಬರದ ಮಾತು ಮುಗಿಸಿ ಏಳುವ ಹೊತ್ತಿಗೆ ಮತ್ತೆ ಕುಳಿತರು. "ಸಾಹೇಬರ, ಮಗಳು ಪಿಯುಸಿ ಸೈನ್ಸ್ ಓದಾಕತ್ತಾಳ. ಪರೀಕ್ಷೆ ಇನ್ನೂ ಆಗಿಲ್ಲ. ಆಗಲೇ ಒಂದು ದೊಡ್ಡ ಯುನಿವರ್ಸಿಟಿಯವರು ಫೋನ್ ಮಾಡ್ಯಾರ. ನಾಳಿ ಸಂಜಿಯೊಳಗ ಇಪ್ಪತ್ತೈದು ಸಾವಿರ ಹಾಕಿದ್ರ ಸೀಟು ಹಿಡದ ಇಡತೇವಿ, ಇಲ್ಲಾಂದ್ರ ಹೋಗತೈತಿ ಅಂದ್ರು. ಏನ್ ಮಾಡ್ಲಿ?" ಎಂದು ಕೇಳಿದರು.

ಇಂತಹ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಉತ್ತರ ಕಂಡುಕೊಳ್ಳುವ ರೀತಿಯಿದೆ. ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಗೊರಸು ನೋಡುತ್ತೇವೆ, ನಡೆಸಿ ನೋಡುತ್ತೇವೆ. ದಲಾಲಿ ಹೇಳಿದ್ದನ್ನು ಅರ್ಧ ಕೇಳಿ ಅರ್ಧ ಬಿಡುತ್ತೇವೆ. ಮಕ್ಕಳ ಓದಿಗೆ ಅದರ ಹತ್ತಿಪ್ಪತ್ತು ಪಟ್ಟು ಹಣ ಹೂಡುವಾಗ ಮಾತ್ರ ಬಣ್ಣದ ಪುಸ್ತಕವೊಂದನ್ನು ನೋಡಿ ಒಪ್ಪಿಬಿಡುವುದು ಸರಿಯಲ್ಲ. ಆದುದರಿಂದ ಈ ಸಲದ ಪಾಠವನ್ನು ಬೆಳೆ, ದನಗಳ ವಿಷಯಕ್ಕೆ ಬದಲಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಖಾಸಗಿ ಎಂದರೆ ಹಣದ ಅಂಗಡಿ, ಸರಕಾರಿ ಎಂದರೆ ಬಡವರ ಪಾಲು ಎಂದು ಕೆಲವರು ಹೇಳುವರು. ಖಾಸಗಿ ಎಂದರೆ ಗುಣಮಟ್ಟ, ಸರಕಾರಿ ಎಂದರೆ ಹಾಳು ಎಂದು ಇನ್ನು ಕೆಲವರ ಹಟ. ನಮ್ಮ ಭಾಗದ ಇತಿಹಾಸ ಎರಡನ್ನೂ ಒಪ್ಪುವುದಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದು ಸರಕಾರದ್ದಲ್ಲ, ಖಾಸಗಿಯವರದ್ದೇ. ಆದರೆ ಅದರ ಬೆನ್ನಿಗೆ ನಿಂತದ್ದು ದಾನಿಗಳ ಹಣ. ಸಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರಿನಲ್ಲಿ 1933ರಲ್ಲಿ ಲಿಂಗರಾಜ ಕಾಲೇಜು ಆರಂಭವಾಯಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರು ಬೆಳಗಾವಿಯ ವಿಜ್ಞಾನ ಕಾಲೇಜಿಗೂ ಇದೆ, ಹಿಡಕಲ್ ಜಲಾಶಯಕ್ಕೂ ಇದೆ. ಹೊಲಕ್ಕೆ ನೀರು ಕೊಡುವ ಕೆರೆಯೂ ಮಕ್ಕಳಿಗೆ ಪಾಠ ಹೇಳುವ ಶಾಲೆಯೂ ಒಂದೇ ಹೆಸರು ಹೊತ್ತಿರುವುದು ನಮ್ಮ ಸೀಮೆಯ ಭಾಗ್ಯ. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಹಳ್ಳಿಯ ಹುಡುಗರಿಗೆ ಲೆಕ್ಕವಿಲ್ಲ. ಆ ಕಾಲದಲ್ಲಿ ಹುಡುಗನನ್ನು ಊರಿಗೆ ಹಿಂದಿರುಗಿಸುತ್ತಿದ್ದುದು ಶುಲ್ಕಕ್ಕಿಂತ ಹೆಚ್ಚಾಗಿ ಊಟದ ಖರ್ಚು. ಅದನ್ನು ಮಠಗಳು ಹೊತ್ತವು.

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರನ್ನು ನೀವೆಲ್ಲ ಬಲ್ಲಿರಿ. ಬಡತನದಿಂದ ಶಾಲೆ ಬಿಡಬೇಕಾಗಿ ಬಂದಾಗ ಸಾವಳಗಿ ಮಠದ ಸ್ವಾಮಿಗಳು ಅವರ ಓದಿನ ಖರ್ಚು ನೋಡಿಕೊಂಡರು. ಗೋಕಾಕದಲ್ಲಿ ಹೈಸ್ಕೂಲು, ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಬಿ.ಎ., ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮುಂದಿನ ಓದು. ಮುಂದೆ ಅಮೆರಿಕೆಯ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು, 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದರು. ಇದೇ ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರ ದಾರಿ ಬೇರೆ. ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದರು. ಲೋಕದ ಅತಿ ದೊಡ್ಡ ಹೆಸರುಗಳಲ್ಲಿ ಒಂದನ್ನು ಪಡೆದು ಬಂದ ಅದೇ ಮನುಷ್ಯ 1954ರಿಂದ 1967ರವರೆಗೆ ಧಾರವಾಡದ ವಿಶ್ವವಿದ್ಯಾಲಯವನ್ನು ನಡೆಸಿ, ಹಳ್ಳಿಯ ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ಸಿಗುವ ಒಳ್ಳೆಯ ಸಂಸ್ಥೆಯನ್ನಾಗಿ ಬೆಳೆಸಿದರು. ಒಂದೇ ಸೀಮೆಯ ಈ ಇಬ್ಬರಲ್ಲಿ ಯಾರ ದಾರಿ ಸರಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅವರವರ ಕಾಲಕ್ಕೆ ಅವರವರಿಗೆ ತೆರೆದಿದ್ದ ಬಾಗಿಲು ಅದು.

ಈಗಿನ ಮಾತಿಗೆ ಬರೋಣ. ಇಂದು ಒಂದೇ ಖಾಸಗಿ ಕಾಲೇಜಿನ ಒಂದೇ ಬೆಂಚಿನ ಮೇಲೆ ಕುಳಿತ ಮೂವರು ಮೂರು ದರ ಕೊಟ್ಟಿರುತ್ತಾರೆ. ಇದು ಹೇಗೆ ಬಂತು? ಒಂದು ಕಾಲದಲ್ಲಿ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ಎಂದು ದರ ಗೊತ್ತಾಗಿತ್ತು. ಇದರ ಮೇಲೆ ನಡೆದ ಮೋಹಿನಿ ಜೈನ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಡೊನೇಶನ್ ಕೂಡದೆಂಬ ಕಾಯಿದೆ ಕರ್ನಾಟಕದಲ್ಲಿ 1984ರಿಂದಲೇ ಇತ್ತು. ಮುಂದೆ ಇನ್ನೂ ಕೆಲವು ತೀರ್ಪುಗಳಾಗಿ, ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ಬಂತು. ಈಗ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 45 ಸೀಟುಗಳನ್ನು ಸಿ.ಇ.ಟಿ. ಮೂಲಕ ಸರಕಾರ ಗೊತ್ತುಪಡಿಸಿದ ಶುಲ್ಕಕ್ಕೆ ಕೊಡುತ್ತಾರೆ; 30 ಸೀಟು ಕಾಮೆಡ್-ಕೆ ಪರೀಕ್ಷೆಯಿಂದ; ಉಳಿದ 25 ಆಡಳಿತ ಮಂಡಳಿಯವರದು, ಅದಕ್ಕೇ ಜನ ಮ್ಯಾನೇಜಮೆಂಟ್ ಸೀಟು ಎನ್ನುವುದು. ಖಾಸಗಿ ವಿಶ್ವವಿದ್ಯಾಲಯಗಳ ವಿಚಾರದಲ್ಲಿ ಕಾಯಿದೆ ಬೇರೆ ಬೇರೆಯಾದುದರಿಂದ ಪಾಲೂ ಬೇರೆ. ಹೊರರಾಜ್ಯದ ವಿಶ್ವವಿದ್ಯಾಲಯಕ್ಕೆ ನಮ್ಮ ಸಿ.ಇ.ಟಿ.ಯ ಹಂಗೇ ಇಲ್ಲ.

ಆದುದರಿಂದ "ಯಾವ ಕಾಲೇಜು?" ಎಂಬ ಪ್ರಶ್ನೆಗಿಂತ "ಯಾವ ಸೀಟು?" ಎಂಬ ಪ್ರಶ್ನೆ ದೊಡ್ಡದು. ಒಳ್ಳೆಯ ಖಾಸಗಿ ಕಾಲೇಜಿನ ಸರಕಾರಿ ಸೀಟು ಸಿಕ್ಕರೆ ಅದನ್ನು ಬಿಡುವ ಕಾರಣವಿಲ್ಲ. ಅದೇ ಕಾಲೇಜಿನ ಮ್ಯಾನೇಜಮೆಂಟ್ ಸೀಟಿಗೆ ಹೊಲ ಬರೆದುಕೊಡುವುದು ಬೇರೆ ಮಾತು. ಎರಡಕ್ಕೂ ಸಿಗುವ ಪದವಿ ಒಂದೇ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಸರಕಾರದ್ದಿರಲಿ ಖಾಸಗಿಯದ್ದಿರಲಿ, ಪದವಿ ಪತ್ರದ ಮೇಲೆ ಆ ವಿಶ್ವವಿದ್ಯಾಲಯದ ಹೆಸರೇ ಇರುವುದು.

ಈಗ ಲೆಕ್ಕ. ಇದನ್ನು ಮನೆಯವರೆಲ್ಲ ಕುಳಿತು, ಕಾಗದದ ಮೇಲೆ ಬರೆದು ಮಾಡಬೇಕು. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಿರಿ.

ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಶುಲ್ಕ, ಹಾಸ್ಟೆಲು ಊಟಕ್ಕೆ ಒಂದೂಕಾಲು ಲಕ್ಷ ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷಕ್ಕೆ ಹದಿನೈದು ಲಕ್ಷವಾಯಿತು. ಊಟ ವಸತಿಯ ಐದು ಲಕ್ಷವನ್ನು ಹೇಗೋ ಕೈಯಿಂದ ಕೊಟ್ಟಿರಿ, ಶುಲ್ಕದ ಹತ್ತು ಲಕ್ಷಕ್ಕೆ ಬ್ಯಾಂಕಿನ ಸಾಲ ತೆಗೆದಿರಿ, ಬಡ್ಡಿ ನೂರಕ್ಕೆ ಹತ್ತು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎನ್ನುತ್ತಾರೆ. ಹೌದು, ಕಂತು ಇಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಮೊದಲ ವರ್ಷದ ಎರಡೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಸರಳ ಬಡ್ಡಿ ಹಿಡಿದರೂ ಮೂರೂವರೆ ಲಕ್ಷ. ಕಂತು ಆರಂಭವಾಗುವ ದಿನ ನಿಮ್ಮ ತಲೆಯ ಮೇಲೆ ಹತ್ತು ಲಕ್ಷವಿರುವುದಿಲ್ಲ, ಹದಿಮೂರೂವರೆ ಲಕ್ಷವಿರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,840 ರೂಪಾಯಿ ಕಂತು ಬರುತ್ತದೆ. ಒಟ್ಟು ಕಟ್ಟುವುದು ಇಪ್ಪತ್ತೊಂದು ಲಕ್ಷಕ್ಕೂ ಹೆಚ್ಚು.

ಇದನ್ನು ಕಬ್ಬಿಗೆ ತಿರುಗಿಸಿ ನೋಡಿ. 2025ರ ನವೆಂಬರದಲ್ಲಿ ನಮ್ಮ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ದಿನಗಟ್ಟಲೆ ಕುಳಿತರು. ಕೊನೆಗೆ ಸರಕಾರ ನಡುವೆ ಬಂದು 3,300 ರೂಪಾಯಿಗೆ ತೀರ್ಮಾನವಾಯಿತು. ಆ ದರದಲ್ಲಿ ವರ್ಷದ ಕಂತು ತುಂಬಲು ಅರವತ್ತೈದು ಟನ್ ಕಬ್ಬು ಬೇಕು. ಇದು ಬರಿಯ ಆಕಾರ. ಬೀಜ, ಗೊಬ್ಬರ, ನೀರು, ಕೂಲಿ ಕಳೆದು ಎಕರೆಗೆ ನಲವತ್ತು ಟನ್ನಿನ ಅರ್ಧ ಹಣ ಕೈಗುಳಿಯಿತೆಂದರೆ, ಮೂರು ಎಕರೆಗಿಂತ ಹೆಚ್ಚಿನ ಹೊಲದ ಇಡೀ ಉಳಿತಾಯ ಹತ್ತು ವರ್ಷ ಬ್ಯಾಂಕಿಗೇ ಹೋಗುತ್ತದೆ. ಟನ್ನಿಗೆ ಇನ್ನೂರು ರೂಪಾಯಿಗಾಗಿ ಚಳಿಯಲ್ಲಿ ರಸ್ತೆಯ ಮೇಲೆ ಮಲಗಿದ ನಾವೇ ಈ ಕಾಗದಕ್ಕೆ ಓದದೆ ಸಹಿ ಹಾಕುತ್ತೇವೆಂದರೆ ಏನನ್ನಬೇಕು?

"ಕಂತನ್ನು ಮಗ ಕಟ್ಟುತ್ತಾನೆ" ಎನ್ನುವಿರಿ. ಕಟ್ಟಲಿ. ಹಾಗಾದರೆ ಪ್ರಶ್ನೆಯನ್ನು ಹೀಗೆ ತಿರುಗಿಸಿರಿ: ಸರಕಾರಿ ಕಾಲೇಜಿನಲ್ಲಿ ಓದಿದ್ದರೆ ಬರುತ್ತಿದ್ದ ಪಗಾರಕ್ಕಿಂತ ಈ ಹೆಸರಿನಿಂದ ತಿಂಗಳಿಗೆ ಹದಿನೆಂಟು ಸಾವಿರ ಹೆಚ್ಚು ಬರುವುದೇ, ಅದೂ ಮೊದಲ ಕೆಲಸದಿಂದಲೇ, ಹತ್ತು ವರ್ಷ ತಪ್ಪದೆ? ಬಂದರೆ ಸಾಲಕ್ಕೆ ಸಾಲ ಸರಿಹೋಯಿತು, ಲಾಭ ಇನ್ನೂ ಶುರುವಾಗಿಲ್ಲ. ಬಾರದಿದ್ದರೆ ಕಂತಿನ ಚೀಟಿ ಮತ್ತೆ ಕಲ್ಲೋಳಿಗೇ ಬರುತ್ತದೆ. ಜಾಮೀನಿಗೆ ಸಹಿ ಮಾಡಿದವರು ನೀವಲ್ಲವೇ.

ಪಗಾರದ ವಿಷಯದಲ್ಲಿ ಬಣ್ಣದ ಪುಸ್ತಕಗಳು ಆಡುವ ಆಟವೊಂದಿದೆ. "ನಮ್ಮ ವಿದ್ಯಾರ್ಥಿಗೆ ವರ್ಷಕ್ಕೆ ಐವತ್ತು ಲಕ್ಷ" ಎಂದು ಒಬ್ಬನ ಭಾವಚಿತ್ರ ಹಾಕಿರುತ್ತಾರೆ. ಯಾರೋ ಒಬ್ಬ ರೈತ ಎಕರೆಗೆ ನೂರು ಟನ್ ಕಬ್ಬು ತೆಗೆದನೆಂದು ಕೇಳಿ ನಿಮ್ಮ ಹೊಲಕ್ಕೂ ಅಷ್ಟೇ ಎಂದು ಸೊಸಾಯಿಟಿಯಲ್ಲಿ ಸಾಲ ಎತ್ತುವಿರಾ? ಕೇಳಬೇಕಾದುದು ನಡುವಿನವನ ಪಗಾರ. ಅರವತ್ತು ಹುಡುಗರನ್ನು ಪಗಾರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೂವತ್ತನೆಯವನಿಗೆ ಎಷ್ಟು? ಆ ಅರವತ್ತರಲ್ಲಿ ಕೆಲಸ ಸಿಗದವರೂ ನಿಂತಿದ್ದಾರೆಯೇ, ಅವರನ್ನು ಸಾಲಿನಿಂದ ಹೊರಗಿಟ್ಟಿದ್ದಾರೆಯೇ? ನಮ್ಮ ಹುಡುಗಿ ಸೇರಬೇಕೆಂದಿರುವ ವಿಭಾಗದ ಲೆಕ್ಕವೇ, ಇಡೀ ವಿಶ್ವವಿದ್ಯಾಲಯದ್ದೇ? ಕೇಂದ್ರ ಸರಕಾರದ ಎನ್.ಐ.ಆರ್.ಎಫ್. ಶ್ರೇಯಾಂಕಕ್ಕೆ ಅರ್ಜಿ ಹಾಕುವ ಸಂಸ್ಥೆಗಳು ಕೆಲಸಕ್ಕೆ ಸೇರಿದವರ ಈ ನಡುವಿನ ಪಗಾರವನ್ನು ಬರೆದುಕೊಡಬೇಕು, ಆ ತಖ್ತೆಯನ್ನು ತಮ್ಮ ಜಾಲತಾಣದಲ್ಲಿ ಇಡಬೇಕು. ಮೊಬೈಲಿನಲ್ಲಿ ಮಕ್ಕಳಿಂದ ಹುಡುಕಿಸಿ ನೋಡಿರಿ. ಬಣ್ಣದ ಪುಸ್ತಕದ ಅಂಕಿಗೂ ಆ ತಖ್ತೆಯ ಅಂಕಿಗೂ ಇರುವ ಅಂತರವೇ ಎಷ್ಟೋ ಹೇಳುತ್ತದೆ.

ಹೆಸರಿಗೆ ಬೆಲೆಯೇ ಇಲ್ಲವೇ? ಇದೆ. ಇದರ ಬಗ್ಗೆ ಅಮೆರಿಕೆಯಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಪರೀಕ್ಷೆ ಮಾಡಿ 2002ರಲ್ಲಿ ಪ್ರಕಟಿಸಿದರು. 1976ರಲ್ಲಿ ಕಾಲೇಜು ಸೇರಿದ ಮಕ್ಕಳನ್ನು ಹಿಡಿದು, ಒಂದೇ ಬಗೆಯ ಕಾಲೇಜುಗಳಲ್ಲಿ ಸೀಟು ಸಿಕ್ಕಿದ್ದವರಲ್ಲಿ ದೊಡ್ಡ ಹೆಸರಿನ ಕಡೆ ಹೋದವರನ್ನೂ ಬೇರೆ ಕಡೆ ಹೋದವರನ್ನೂ ಹೋಲಿಸಿ ನೋಡಿದರು. ಮುಂದಿನ ಸಂಪಾದನೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಜಾಣ ಹುಡುಗ ಎಲ್ಲಿ ಓದಿದರೂ ಜಾಣನೇ ಎಂದಂತಾಯಿತು. ಆದರೆ ಅದರಲ್ಲಿ ಒಂದು ಅಪವಾದ ಕಂಡಿತು, ಅದನ್ನು ನಾವು ಮುಚ್ಚಿಡಬಾರದು: ಬಡವರ ಮಕ್ಕಳಿಗೆ ದೊಡ್ಡ ಕಾಲೇಜಿನಿಂದ ಲಾಭವಾಗಿತ್ತು. ಅದೇ ಇಬ್ಬರು 2014ರಲ್ಲಿ ಮತ್ತೆ ನೋಡಿದಾಗ, ಹೆಚ್ಚು ಓದದ ತಾಯಿತಂದೆಗಳ ಮಕ್ಕಳಲ್ಲಿಯೂ ಲಾಭ ಕಂಡಿತು. ಕಾರಣ ಊಹಿಸಬಹುದು. ಸಿರಿವಂತರ ಮಕ್ಕಳಿಗೆ ಕೆಲಸದ ಬಾಗಿಲು ತೋರಿಸಲು ಮಾವನೋ ಕಾಕಾನೋ ಇರುತ್ತಾನೆ. ನಮ್ಮ ಮಕ್ಕಳಿಗೆ ಆ ಪರಿಚಯ ಕೊಡುವುದು ಕಾಲೇಜು ಒಂದೇ.

ಹಾಗಾದರೆ ರೈತನ ಮಗಳೇ ಹೆಸರಿನ ಕಡೆ ಹೋಗಬೇಕಲ್ಲವೇ ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಆ ದೇಶದ ದೊಡ್ಡ ವಿಶ್ವವಿದ್ಯಾಲಯಗಳು ಬಡವರ ಮಕ್ಕಳಿಂದ ಹಣ ತೆಗೆದುಕೊಳ್ಳುವುದು ಬಹಳ ಕಡಿಮೆ. ಹಾರ್ವರ್ಡ್ ವಿಶ್ವವಿದ್ಯಾಲಯ 2025ರಿಂದ ವರ್ಷಕ್ಕೆ ಒಂದು ಲಕ್ಷ ಡಾಲರ್ ಒಳಗಿನ ಆದಾಯದ ಮನೆಯವರಿಗೆ ಓದು, ಊಟ, ವಸತಿ ಎಲ್ಲವನ್ನೂ ಬಿಟ್ಟಿಯಾಗಿ ಕೊಡುವುದಾಗಿ ಸಾರಿದೆ. ಜೊತೆಗೆ ಅಲ್ಲಿಗೆ ಸೇರುವುದು ಬಹು ಕಠಿಣವಾದ ಆಯ್ಕೆಯ ನಂತರ. ನಮ್ಮಲ್ಲಿ ಹೆಸರಿನ ಸಂಸ್ಥೆ ಎನಿಸಿಕೊಂಡವುಗಳಲ್ಲಿ ಎರಡು ಬಗೆಯಿವೆ. ಒಂದು ಬಗೆಯವು ಆರಿಸಿ ತೆಗೆದುಕೊಳ್ಳುತ್ತವೆ, ಮನೆಯ ಸ್ಥಿತಿ ನೋಡಿ ಶುಲ್ಕ ಬಿಡುತ್ತವೆ. ಬೆಂಗಳೂರಿನ ಅಜೀಂ ಪ್ರೇಮಜಿ ವಿಶ್ವವಿದ್ಯಾಲಯ ಇದಕ್ಕೆ ಉದಾಹರಣೆ. ಇನ್ನೊಂದು ಬಗೆಯವು ಹಣ ತಂದವರನ್ನು ಬರಮಾಡಿಕೊಳ್ಳುತ್ತವೆ. ಪರೀಕ್ಷೆ ಮುಗಿಯುವ ಮೊದಲೇ, ಅಂಕ ಕೇಳದೆಯೇ ಫೋನು ಮಾಡಿ ಸೀಟು ಕೊಡುವವರು ಯಾವ ಬಗೆಯವರು ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಮೊದಲನೆಯ ಬಗೆಯಲ್ಲಿ ನಿಮ್ಮ ಮಗುವಿಗೆ ಶುಲ್ಕ ಮಾಫಿಯೊಡನೆ ಸೀಟು ಸಿಕ್ಕರೆ, ದೂರ ಎಂದು ಹಿಂಜರಿಯದೆ ಕಳಿಸಿರಿ. ಮುದ್ರಿತ ಶುಲ್ಕ ನೋಡಿ ಅಂಜಿ ಅರ್ಜಿಯನ್ನೇ ಹಾಕದಿರುವುದೂ ಒಂದು ನಷ್ಟವೇ.

ಸರಕಾರಿ ಸಂಸ್ಥೆಗಳ ಹೆಸರು ಸಣ್ಣದೆಂದು ತಿಳಿಯಬೇಡಿರಿ. ಬೆಂಗಳೂರಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು 1917ರದು, ಇಂದಿಗೂ ಸರಕಾರದ್ದು. ಧಾರವಾಡದ ಕೃಷಿ ಕಾಲೇಜು 1947ರದು. 1986ರಲ್ಲಿ ಅದು ಕೃಷಿ ವಿಶ್ವವಿದ್ಯಾಲಯದ ಕೇಂದ್ರವಾಯಿತು. ಇನ್ನೂ ಹತ್ತಿರ, ನಮ್ಮ ಅರಭಾವಿಯಲ್ಲೇ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿದೆ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ರಾಜ್ಯದ ಮೂಲೆಮೂಲೆಯ ಮಕ್ಕಳು ಅಲ್ಲಿಗೆ ಬಂದು ಓದುತ್ತಿರುವಾಗ, ಅದರ ಬೇಲಿಯ ಪಕ್ಕದ ಹಳ್ಳಿಯವರು ಕೃಷಿ ಪದವಿಗಾಗಿ ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯಕ್ಕೆ ಹಣ ಕಟ್ಟಿದ್ದನ್ನು ನೋಡಿದ್ದೇವೆ. ಹಾಗೆ ಕಟ್ಟಿದವರಲ್ಲಿ ಎಷ್ಟು ಜನ ಆ ಪದವಿಗೆ ಐ.ಸಿ.ಎ.ಆರ್. ಮಾನ್ಯತೆ ಇದೆಯೇ ಎಂದು ಕೇಳಿದ್ದರು? ಮುಂದಿನ ಓದಿಗೂ ಸರಕಾರಿ ಕೆಲಸಕ್ಕೂ ಈ ಮಾನ್ಯತೆಯ ಮಾತು ಬರುತ್ತದೆ. ನರ್ಸಿಂಗಿಗೆ ನರ್ಸಿಂಗ್ ಪರಿಷತ್ತು, ಔಷಧ ಶಾಸ್ತ್ರಕ್ಕೆ ಫಾರ್ಮಸಿ ಪರಿಷತ್ತು, ಹಾಗೆಯೇ ಕೃಷಿಗೆ ಇದು. ಬೀಜದ ಚೀಲದ ಮೇಲಿನ ಮುದ್ರೆ ನೋಡದೆ ಬಿತ್ತುವವರಲ್ಲ ನೀವು.

ನಮ್ಮ ಮಕ್ಕಳಿಗೆಂದೇ ಇರುವ ಪಾಲುಗಳನ್ನು ನಾವು ಎಷ್ಟೋ ಸಲ ಬಿಟ್ಟುಕೊಡುತ್ತೇವೆ. ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಇದ್ದ ಶೇ. 40ರ ಮೀಸಲಾತಿಯನ್ನು 2021ರಲ್ಲಿ ಶೇ. 50ಕ್ಕೆ ಏರಿಸಿದರು. ಇದಕ್ಕೆ ಜಮೀನಿನ ಕಾಗದಗಳ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ: ಬೀಜ, ಗೊಬ್ಬರ, ಕಳೆ, ಉಪಕರಣಗಳನ್ನು ಗುರುತಿಸಬೇಕು. ಪುಸ್ತಕ ಬಿಟ್ಟು ತಲೆ ಎತ್ತದಂತೆ ಬೆಳೆಸಿದ ಮಕ್ಕಳು ಸ್ವಂತ ಹೊಲದ ಕಳೆಯನ್ನು ಗುರುತಿಸಲಾರದೆ ಬರುವುದುಂಟು! ರಜೆಯ ದಿನ ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗಿರಿ. ಸಿ.ಇ.ಟಿ. ಸೀಟುಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ. ಇಲ್ಲಿ ಕಲ್ಲೋಳಿ, ನಾಗನೂರು, ಅರಭಾವಿಯವರು ವಿಶೇಷ ಲಕ್ಷ್ಯ ಕೊಡಬೇಕು. ಈ ಊರುಗಳು ಈಗ ಪಟ್ಟಣದ ಆಡಳಿತಕ್ಕೆ ಸೇರಿವೆ. ನಿಮ್ಮ ಮಗು ಓದಿದ ಶಾಲೆ ಆಯಾ ವರ್ಷಗಳಲ್ಲಿ ಗ್ರಾಮೀಣ ಎಂದು ಲೆಕ್ಕಕ್ಕಿದೆಯೇ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಹಾಕುವ ಮೊದಲೇ ಕೇಳಿ ತಿಳಿಯಿರಿ. ಪ್ರಮಾಣ ಪತ್ರಕ್ಕೆ ಅವರ ಸಹಿ ಬೇಕೇ ಬೇಕು. ಇಂಜಿನಿಯರಿಂಗಿನಲ್ಲಿ ವರ್ಷದ ಆದಾಯ ಎಂಟು ಲಕ್ಷದೊಳಗಿನ ಮನೆಯ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲದ ಶೇ. 5 ಹೆಚ್ಚುವರಿ ಸೀಟುಗಳಿವೆ, ಎಸ್.ಎನ್.ಕ್ಯೂ. ಎನ್ನುತ್ತಾರೆ. ಸರಕಾರಿ ಶಾಲೆ ಮತ್ತು ಸರಕಾರಿ ಪಿ.ಯು. ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗಾಗಿ 2025ರಲ್ಲಿ ದೀಪಿಕಾ ವಿದ್ಯಾರ್ಥಿವೇತನ ಶುರುವಾಯಿತು, ವರ್ಷಕ್ಕೆ 30,000 ರೂಪಾಯಿ. 2021ರಲ್ಲಿ ಬಂದ ರೈತ ವಿದ್ಯಾನಿಧಿಯ ವಿಷಯವನ್ನು ಈ ವರ್ಷದ ಮಟ್ಟಿಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಸಾಲ ಮಾಡಲೇಬೇಕಾದರೆ, ಕೈಗಡ ಮತ್ತು ಖಾಸಗಿ ಲೇವಾದೇವಿಯ ಬಳಿಗೆ ಹೋಗುವ ಮೊದಲು ಒಂದು ವಿಷಯ ನೋಡಿರಿ. 2024ರ ನವೆಂಬರದಲ್ಲಿ ಕೇಂದ್ರ ಸರಕಾರ ಪಿ.ಎಂ. ವಿದ್ಯಾಲಕ್ಷ್ಮಿ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆರಿಸಿದ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಒತ್ತೆ, ಜಾಮೀನು ಇಲ್ಲದೆ ಸಾಲ. ಆದಾಯ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಓದುವ ಕಾಲದಲ್ಲಿ ನೂರಕ್ಕೆ ಮೂರರಷ್ಟು ಬಡ್ಡಿಯ ನೆರವು. ಮೊದಲಿಗೆ 860 ಸಂಸ್ಥೆಗಳು ಪಟ್ಟಿಯಲ್ಲಿದ್ದವು, ಶ್ರೇಯಾಂಕ ನೋಡಿ ಆರಿಸಿದ್ದು. ನಿಮ್ಮನ್ನು ಕರೆಯುತ್ತಿರುವ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಅದರ "ದೊಡ್ಡ ಹೆಸರು" ಯಾರ ಲೆಕ್ಕದಲ್ಲಿ ದೊಡ್ಡದು ಎಂದು ಕೇಳುವ ಹಕ್ಕು ನಿಮಗಿದೆ.

ಸರಕಾರಿ ಕಾಲೇಜನ್ನೂ ಕಣ್ಣುಮುಚ್ಚಿ ಹೊಗಳಲಾರೆವು. ಎಷ್ಟೋ ಕಡೆ ಕಾಯಂ ಉಪನ್ಯಾಸಕರ ಜಾಗ ಖಾಲಿಯಿದ್ದು ಅತಿಥಿ ಉಪನ್ಯಾಸಕರೇ ಪಾಠ ನಡೆಸುತ್ತಾರೆ. ಅವರ ನೇಮಕ ತಡವಾದರೆ ಮೊದಲ ತಿಂಗಳುಗಳು ಹಾಗೆಯೇ ಹೋಗುತ್ತವೆ. ಕಟ್ಟಡವಿದ್ದಲ್ಲಿ ಪ್ರಯೋಗಶಾಲೆ ಇರದು, ಪ್ರಯೋಗಶಾಲೆ ಇದ್ದಲ್ಲಿ ಬೀಗ ತೆಗೆಯುವವರಿರರು. ಇಂತಹ ಕಡೆ ಅಗ್ಗವೆಂಬ ಒಂದೇ ಕಾರಣಕ್ಕೆ ಮಗುವನ್ನು ಸೇರಿಸಿದರೆ ಹಣ ಉಳಿಯಬಹುದು, ಮೂರು ನಾಲ್ಕು ವರ್ಷ ಹೋಗುತ್ತವೆ. ಆದುದರಿಂದ ಖಾಸಗಿಯಾಗಲಿ ಸರಕಾರಿಯಾಗಲಿ, ಮಗಳನ್ನೋ ಮಗನನ್ನೋ ಕರೆದುಕೊಂಡು ಒಂದು ದಿನ ಹೋಗಿ ಬನ್ನಿರಿ. ಕಚೇರಿಯವರನ್ನು ಬಿಟ್ಟು ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತನಾಡಿಸಿರಿ. ಕಳೆದ ವಾರ ಎಷ್ಟು ಪಾಠ ನಡೆದವು, ಕಳೆದ ವರ್ಷ ಶುಲ್ಕ ಎಷ್ಟು ಏರಿತು, ಕನ್ನಡ ಮಾಧ್ಯಮದಿಂದ ಬಂದವರು ಮೊದಲ ವರ್ಷ ಹೇಗೆ ನಿಭಾಯಿಸಿದರು ಎಂದು ಕೇಳಿರಿ. ಹುಡುಗರು ಸುಳ್ಳು ಹೇಳುವುದಿಲ್ಲ. ಹೇಳಿದರೂ ಬಲುಬೇಗ ಗೊತ್ತಾಗುತ್ತದೆ.

ಇನ್ನೊಂದು ಮಾತನ್ನು ಹೇಳದೆ ಇರಲಾರೆವು. ಒಂದೇ ಮನೆಯಲ್ಲಿ ಮಗನಿಗಾಗಿ ಹತ್ತು ಲಕ್ಷದ ಸಾಲ ತೆಗೆದು, ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳನ್ನು "ಹತ್ತಿರ ಐತಿ" ಎಂದು ಸಿಕ್ಕ ಕಾಲೇಜಿಗೆ ಸೇರಿಸುವ ಪದ್ಧತಿ ನಮ್ಮಲ್ಲಿದೆ. ಕಡಿಮೆ ಖರ್ಚಿನ ಕಾಲೇಜನ್ನು ಆರಿಸುವುದು ಜಾಣತನ. ಒಬ್ಬಳಿಗೆ ಮಾತ್ರ ಆರಿಸುವುದು ಜಾಣತನವಲ್ಲ. ಉಳಿದ ಹಣದಲ್ಲಿ ಇಬ್ಬರೂ ಸರಕಾರಿ ಸೀಟಿನಲ್ಲಿ ಓದಿ, ಮುಂದಿನ ಎಂ.ಎಸ್ಸಿ.ಗೋ ಎಂ.ಟೆಕ್.ಗೋ ಹಣ ಮಿಗುತ್ತದೆ. ಹೆಸರು ಬೇಕೇ ಬೇಕೆಂದರೆ ಕೊನೆಯ ಪದವಿಯನ್ನು ದೊಡ್ಡ ಹೆಸರಿನ ಕಡೆ ಪಡೆಯಲಿ. ಕೆಲಸ ಕೊಡುವವರು ಮೊದಲು ನೋಡುವುದು ಕೊನೆಯ ಪದವಿಯನ್ನೇ.

ಮೊದಲು ಹೇಳಿದ ರೈತರ ವಿಷಯ. ಅವರು ಇಪ್ಪತ್ತೈದು ಸಾವಿರ ಆಗಲೇ ಕಟ್ಟಿದ್ದರೆಂದು ಆಮೇಲೆ ಒಪ್ಪಿಕೊಂಡರು, ಹೇಳಲು ನಾಚಿಕೆಪಟ್ಟಿದ್ದರು. ನಾಚಿಕೆಪಡಬೇಕಾದುದೇನೂ ಇಲ್ಲ, ಇದಕ್ಕೆ ನಿಯಮವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ, ಸಣ್ಣದೊಂದು ಕಚೇರಿ ಖರ್ಚನ್ನು ಕಳೆದು ಪೂರ್ತಿ ಶುಲ್ಕ ಹಿಂದಿರುಗಿಸಬೇಕು. ಹದಿನೈದು ದಿನದೊಳಗೆ ಬಿಟ್ಟರೆ ನೂರಕ್ಕೆ ತೊಂಬತ್ತು. ಕೊನೆಯ ದಿನ ಕಳೆದು ಹದಿನೈದು ದಿನದೊಳಗಾದರೆ ಎಂಬತ್ತು, ಮೂವತ್ತು ದಿನದೊಳಗಾದರೆ ಐವತ್ತು. ಅದಾದ ಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರಗಳನ್ನು ಒತ್ತೆ ಇಟ್ಟುಕೊಳ್ಳುವ ಅಧಿಕಾರ ಯಾವ ಸಂಸ್ಥೆಗೂ ಇಲ್ಲ; ನೋಡಿ ಹಿಂದಕ್ಕೆ ಕೊಡಬೇಕು. ಹಣ ಕಟ್ಟಿದ ರಸೀತಿ, ಬಿಡುತ್ತೇವೆಂದು ಬರೆದ ಅರ್ಜಿಯ ಪ್ರತಿ, ಅದನ್ನು ಕಳಿಸಿದ ದಿನ ಇವು ಮೂರು ನಿಮ್ಮ ಕೈಯಲ್ಲಿರಬೇಕು. ಫೋನಿನಲ್ಲಿ "ನೋಡೋಣ" ಎಂದದ್ದು ಯಾವ ಲೆಕ್ಕಕ್ಕೂ ಬಾರದು.

ಅವರಿಗೆ ಹಣ ಬಂತು, ಎರಡು ತಿಂಗಳು ಓಡಾಡಿದ ಮೇಲೆ. ಮಗಳು ಕೃಷಿಕರ ಪಾಲಿನ ಪ್ರಾಯೋಗಿಕ ಪರೀಕ್ಷೆಗೆ ಹೆಸರು ಹಚ್ಚಿದಳು. ಅದಕ್ಕೆ ಬೇಕಾದ ಕಾಗದಗಳಿಗಾಗಿ ಅಪ್ಪ ಮಗಳಿಬ್ಬರೂ ನಾಡಕಚೇರಿಯ ಮುಂದೆ ಮೂರು ದಿನ ನಿಂತರು, ಏಕೆಂದರೆ ಫಲಿತಾಂಶ ಬಂದ ವಾರ ಎಲ್ಲರೂ ಅಲ್ಲಿಗೇ ಬರುತ್ತಾರೆ. ಜಾತಿ ಆದಾಯದ ಪ್ರಮಾಣ ಪತ್ರ ಒಮ್ಮೆ ಮಾಡಿಸಿದರೆ ಐದು ವರ್ಷ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಈ ವರ್ಷ ಪಿ.ಯು.ಸಿ. ಓದುವವರಿದ್ದರೆ, ಕಬ್ಬು ಕಾರಖಾನೆಗೆ ಹೋದ ಕೂಡಲೆ, ಫೆಬ್ರುವರಿಯ ಬಿಡುವಿನಲ್ಲೇ ಉತಾರ, ಆಧಾರ, ಶಾಲೆಯ ದಾಖಲೆಗಳನ್ನು ತೆಗೆದುಕೊಂಡು ಹೋಗಿ ಈ ಕೆಲಸ ಮುಗಿಸಿಕೊಳ್ಳಿರಿ. ಆಗ ಅಲ್ಲಿ ಸಾಲು ಇರುವುದಿಲ್ಲ.